ಬಿಡುವಾದಾಗ ಮಾಡ್ತೀನಿ

ಯುನಿಕ್ಸ್ ಬಳಸುವವರಿಗೆ ‘ನೈಸ್’ ಅನ್ನೋ ಕಮಾಂಡ್ ಗೊತ್ತಿರುತ್ತೆ. ಪ್ರತಿ ಪ್ರೋಗ್ರಾಮಿಗೂ ಮೈನಸ್ 20ರಿಂದ 19ರವರೆಗೆ ಒಂದು ಅಂಕ. ಅಂಕ ಏರಿದಷ್ಟೂ ಅದು ‘ಒಳ್ಳೆಯದು’, ಅಂದ್ರೆ ಮಿಕ್ಕವರಿಗೆ ದಾರಿ ಬಿಟ್ಟು ಹಿಂದೆ ನಿಲ್ಲುತ್ತೆ. ಎಲ್ಲರದೂ ಊಟ ಆದಮೇಲೆ ಉಳಿದದ್ದನ್ನ ಉಣ್ಣೋ ಹೆಂಗಸನ್ನ ನಮ್ಮಲ್ಲಿ ‘ತುಂಬಾ ಒಳ್ಳೆಯವಳು’ ಅಂತಾರಲ್ಲ, ಹಾಗೆ.

ಲಿನಕ್ಸ್‌ನಲ್ಲಿ ಅದಕ್ಕೂ ಕೆಳಗೆ ‘ಐಡಲ್’ ಅಂತ ಒಂದು ದರ್ಜೆ ಇದೆ. ಡಿಸ್ಕ್ ವಿಷಯದಲ್ಲಾದರೆ, ಬೇರೆ ಯಾರೂ ಡಿಸ್ಕ್ ಕೇಳದೆ ಒಂದಿಷ್ಟು ಹೊತ್ತು ಕಳೆದಮೇಲೇ ಇದರ ಸರದಿ. ನಾನು ಬ್ಯಾಕಪ್ಪನ್ನ ಅಲ್ಲೇ ಹಾಕಿರ್ತೀನಿ. ತಪ್ಪೇನಿಲ್ಲ. ಸೆಟಿ ಅಟ್ ಹೋಮ್ ಯೋಜನೆ 1999ರಿಂದ 2020ರವರೆಗೆ ನಡೆದದ್ದೇ ಜನರ ಮನೆಯ ಕಂಪ್ಯೂಟರುಗಳ ಬಿಡುವಿನಲ್ಲಿ. ಆಕಾಶದಿಂದ ಬಂದ ರೇಡಿಯೋ ಸಂಕೇತಗಳನ್ನ ಅವು ಸೋಸುತ್ತಿದ್ದವು.

ತೊಂದರೆ ಶುರುವಾಗೋದು ಬಿಡುವೇ ಆಗದಿದ್ದಾಗ. ಪಠ್ಯಪುಸ್ತಕಗಳು ಇದನ್ನ ‘ಸ್ಟಾರ್ವೇಶನ್’ ಅಂತವೆ, ಉಪವಾಸ ಸಾಯೋದು. ಅದರ ಜೊತೆಗೇ ಒಂದು ವದಂತಿಯನ್ನೂ ಹೇಳ್ತವೆ: ಎಂಐಟಿಯಲ್ಲಿ 1973ರಲ್ಲಿ ಐಬಿಎಂ 7094 ಯಂತ್ರವನ್ನ ನಿಲ್ಲಿಸಿದಾಗ, 1967ರಲ್ಲಿ ಯಾರೋ ಕೊಟ್ಟಿದ್ದ ಕೆಲಸವೊಂದು ಇನ್ನೂ ಸಾಲಿನಲ್ಲೇ ಕಾಯ್ತಾ ಇತ್ತಂತೆ. ನನ್ನನ್ನ ಕಾಡೋದು ಆ ಆರು ವರ್ಷವಲ್ಲ. ಆ ಕೆಲಸವನ್ನ ಯಾರೂ ‘ಆಗಲ್ಲ’ ಅಂದಿರಲಿಲ್ಲ ಅನ್ನೋದು.

ಎರಡು ವರ್ಷದ ಹಿಂದೆ ಅಪ್ಪ ಒಂದು ಚೀಲ ಕೊಟ್ಟರು. ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗಿನ ಡೈರಿಗಳು. “ಟೈಪ್ ಮಾಡಿಕೊಡ್ತೀಯೇನೋ?” ಅಂದರು. “ಬಿಡುವಾದಾಗ ಮಾಡ್ತೀನಪ್ಪ” ಅಂದೆ. ಸುಳ್ಳು ಹೇಳಲಿಲ್ಲ ನಾನು. ಮಾತು ಮುರಿಯಲೂ ಇಲ್ಲ, ಯಾಕಂದ್ರೆ ಬಿಡುವೇ ಆಗಲಿಲ್ಲ! ‘ಆಗಲ್ಲ’ ಅಂದಿದ್ದರೆ ತಂಗಿಯನ್ನಾದರೂ ಕೇಳ್ತಿದ್ದರೇನೋ. ನನ್ನ ಒಪ್ಪಿಗೆ ಆ ದಾರಿಯನ್ನೂ ಮುಚ್ಚಿತು. ಅಪ್ಪನ ಅಂಕ ಹತ್ತೊಂಬತ್ತು, ಎರಡನೇ ಸಲ ಕೇಳೋರಲ್ಲ.

ಈ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಪ್ಪ ಪಂಚಾಂಗವನ್ನ ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ಮೊಮ್ಮಗಳ ಕೈಗೆ ಕೊಟ್ಟರು. ಬ್ಯಾಕಪ್ಪಿಗೆ ಕಾದು ಕಾದು ಕಣ್ಣು ಮಂಜಾಗೋದಿಲ್ಲ. ಆ ದರ್ಜೆಯಲ್ಲಿ ಯಾವುದನ್ನ ಇಡಬಹುದು, ಯಾವುದನ್ನ ಇಡಬಾರದು ಅಂತ ಆವತ್ತು ನನಗೆ ಹೊಳೀತು.

ಉಪವಾಸಕ್ಕೆ ಕಂಪ್ಯೂಟರಿನವರು ಕಂಡುಕೊಂಡ ಮದ್ದು ಸರಳ, ‘ಏಜಿಂಗ್’ ಅಂತ. ಕೆಲಸ ಕಾದಷ್ಟೂ ಅದರ ಆದ್ಯತೆ ತಾನಾಗಿ ಏರುತ್ತಾ ಹೋಗುತ್ತೆ. ಕೇಳಿಕೊಳ್ಳಬೇಕಿಲ್ಲ, ಗಲಾಟೆ ಮಾಡಬೇಕಿಲ್ಲ. ವಯಸ್ಸಿಗೆ ಕೊಡೋ ಮರ್ಯಾದೆ ಅನ್ನಿ.

ಈಗ ಭಾನುವಾರ ಬೆಳಿಗ್ಗೆ ಆರರಿಂದ ಏಳು ಡೈರಿಯದು. ಆಫೀಸಿನ ಫೋನ್ ಬಂದರೂ ಎತ್ತಲ್ಲ. ಅಕ್ಷರ ಬಿಡಿಸಲಾಗದಿದ್ದರೆ ಅಪ್ಪನಿಗೆ ಫೋನ್ ಮಾಡಿ ವಾಕ್ಯ ಓದ್ತೀನಿ, ಬಿಟ್ಟುಹೋದ ಪದ ಅವರು ಹೇಳ್ತಾರೆ. 1974ರ ಜೂನ್ ಮುಗಿದಿದೆ, ಶಾಲೆಯ ಹೆಂಚು ಸೋರೋಕೆ ಶುರುವಾಗಿದೆ.