ಸೊಟ್ಟ ಹೊಲಿಗೆ ಬಿಚ್ಚಬೇಡಿ

ಉತ್ತರ ಕರ್ನಾಟಕದ ಹಳೆಯ ಮನೆಗಳ ಅಟ್ಟದ ಮೇಲೋ ಟ್ರಂಕಿನೊಳಗೋ ಒಂದೆರಡು ಕೌದಿ ಇನ್ನೂ ಸಿಗುತ್ತವೆ. ಅವನ್ನು ಹೊಲಿಯಬಲ್ಲ ಕೈಗಳು ಆ ಮನೆಗಳಲ್ಲಿ ಕಡಿಮೆಯಾಗಿವೆ. ಅಜ್ಜಿಯ ಕೌದಿಯನ್ನು ಬಿಸಿಲಿಗೆ ಹಾಕಿ, ನುಸಿಗುಳಿಗೆ ಇಟ್ಟು, ಮಡಿಚಿಟ್ಟರೆ ನಮ್ಮ ಪಾಲಿನ ಕೆಲಸ ಮುಗಿಯಿತೆಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗೆ ಉಳಿಯುವುದು ಬಟ್ಟೆಯಷ್ಟೇ. ಕಸುಬು ಉಳಿಯಬೇಕಾದರೆ ಅಜ್ಜಿಯ ಕಣ್ಣು, ಬೆರಳು ಗಟ್ಟಿಯಿರುವಾಗಲೇ ಅವಳ ಪಕ್ಕ ಕೂರಬೇಕು.

ಕೌದಿಯ ಕೆಲಸ ಸೂಜಿ ಹಿಡಿಯುವುದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಸವೆದ ಇಳಕಲ್ ಸೀರೆ, ಹರಿದ ಧೋತರ, ಚಿಕ್ಕದಾದ ಅಂಗಿ, ಖಣದ ತುಂಡು ಎಲ್ಲವನ್ನೂ ಒಗೆದು ಗಂಟು ಕಟ್ಟಿಡಬೇಕು. ಬಟ್ಟೆ ಎಲ್ಲಿ ಜಾಳಾಗಿದೆ, ಎಲ್ಲಿ ಇನ್ನೂ ಕಸುವಿದೆ ಎಂದು ಬೆಳಕಿಗೆ ಹಿಡಿದು ನೋಡಬೇಕು. ಆಮೇಲೆ ತಳಕ್ಕೆ ಹಳೆಯ ಸೀರೆ ಹಾಸಿ, ಪದರದ ಮೇಲೆ ಪದರ ಇಟ್ಟು, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಸಾಲು ಸಾಲಾಗಿ ಹೊಲಿಯುತ್ತ ಹೋಗಬೇಕು. ಈ ತಾಳ್ಮೆ ಉಪದೇಶದಿಂದ ಯಾರಿಗೂ ಬಂದದ್ದಿಲ್ಲ, ಕೂತು ಹೊಲಿದವರಿಗೆ ಬಂದಿದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯನ್ನು ಕವಂದಿ ಎನ್ನುತ್ತಾರೆ. ಶತಮಾನಗಳ ಹಿಂದೆ ಹಿಂದೂ ಮಹಾಸಾಗರ ದಾಟಿ ಬಂದ ಆಫ್ರಿಕನ್ನರ ವಂಶದವರು ಇವರು. ಇವರ ಹೊಲಿಗೆ ಒಂದು ಮೂಲೆಯಿಂದ ಶುರುವಾಗಿ, ಅಂಚಿನ ಗುಂಟ ಸುತ್ತುತ್ತ ಒಳಕ್ಕೆ ಸರಿದು, ಕಡೆಗೆ ನಡುವಿಗೆ ಬಂದು ಮುಗಿಯುತ್ತದೆ. ತುಂಡುಗಳನ್ನು ಹೊಲಿಯುತ್ತಲೇ ಆರಿಸಿಕೊಳ್ಳುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯ ಚೂರು ಮಡಿಚಿ ‘ಫೂಲ’, ಅಂದರೆ ಹೂವು, ಕೂರಿಸದೆ ಕವಂದಿ ಪೂರ್ತಿಯಾಯಿತು ಎನ್ನುವುದಿಲ್ಲ. ಹೂವು ಇದ್ದರೂ ಇಲ್ಲದಿದ್ದರೂ ಹೊದಿಕೆ ಅಷ್ಟೇ ಬೆಚ್ಚಗಿರುತ್ತದೆ. ಆದರೂ ಬಿಡದೆ ಹೊಲಿಯುವ ಆ ನಿಷ್ಠೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಕೆಲಸವನ್ನು ಮುಕ್ಕಾಲಿಗೆ ಬಿಟ್ಟೇಳುವ ಅಭ್ಯಾಸ ಇರುವವರು ಇದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಹುಟ್ಟಿತು. ಮನೆಮಂದಿಗೆಂದು ಹೊಲಿಯುತ್ತಿದ್ದ ಕವಂದಿ ಆಮೇಲೆ ದೂರದ ಕೊಳ್ಳುವವರಿಗೂ ಮುಟ್ಟಿತು.

ಹಿರಿಯರಿಗೆ ನನ್ನದೊಂದು ಕೋರಿಕೆಯಿದೆ. ಮೊಮ್ಮಗಳು ಹಾಕಿದ ಸೊಟ್ಟ ಸಾಲನ್ನು ಅವಳು ಮಲಗಿದ ಮೇಲೆ ಬಿಚ್ಚಿ ನೀವೇ ನೆಟ್ಟಗೆ ಹೊಲಿಯಬೇಡಿ. ಬೆಳಿಗ್ಗೆ ಅದನ್ನು ನೋಡಿದ ಮಗು ಬಾಯಿಬಿಟ್ಟು ಏನೂ ಹೇಳದಿರಬಹುದು, ಮತ್ತೆ ಸೂಜಿ ಮಾತ್ರ ಕೇಳುವುದಿಲ್ಲ. ಕೌದಿಯಲ್ಲಿ ಹೊಲಿಗೆ ಒಂದಿಷ್ಟು ಅತ್ತಿತ್ತಾದರೂ ಪದರಗಳು ಹಿಡಿದುಕೊಂಡೇ ಇರುತ್ತವೆ. ಹಾಗಾಗಿ ನಿಜವಾದ ಕೌದಿಯಲ್ಲೇ ಒಂದು ಮೂಲೆ ಬಿಟ್ಟುಕೊಡಿ. ಬೇಡದ ಚಿಂದಿ ಕೊಟ್ಟು ‘ಇದರ ಮ್ಯಾಲ ಕಲಿ’ ಎಂದರೆ ತನ್ನ ಕೆಲಸಕ್ಕೆ ಬೆಲೆಯಿಲ್ಲ ಎಂಬುದು ಮಗುವಿಗೆ ತಕ್ಷಣ ತಿಳಿಯುತ್ತದೆ. ಮೊಮ್ಮಗ ಬಂದು ಕೂತರೆ ಅವನ ಕೈಗೂ ಸೂಜಿ ಕೊಡಿ.

ಕೌದಿಯಲ್ಲದೆ ಅಜ್ಜಿಗೆ ಕ್ರೋಶಾ ಹೆಣಿಗೆಯೂ ಬರುತ್ತಿದ್ದರೆ, ಅದನ್ನು ಕಲಿಸುವುದು ಇನ್ನೂ ಸಲೀಸು. ಒಂದು ಕೊಕ್ಕೆಸೂಜಿ, ಒಂದು ಉಂಡೆ ದಾರ ಸಾಕು. ತಪ್ಪಿದರೆ ಎಳೆದರಾಯಿತು, ಹೆಣೆದದ್ದೆಲ್ಲ ಬಿಚ್ಚಿಕೊಂಡು ಮತ್ತೆ ದಾರವಾಗುತ್ತದೆ. ಎಳೆಯುವ ಕೆಲಸವನ್ನು ಮಗುವಿಗೇ ಬಿಡಿ. ಕಲಿಸುವವರದೂ ಕಲಿಯುವವರದೂ ಬಲಗೈಯಾದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮಗು ಎಡಗೈಯದಾದರೆ ಎದುರಿಗೆ ಕೂರಿಸಿ, ನಿಮ್ಮ ಕೈಯಾಟ ಕನ್ನಡಿಯಲ್ಲಿ ಕಂಡಂತೆ ಕಂಡು ಬೇಗ ಹತ್ತುತ್ತದೆ. ಎಡಗೈ ಮಕ್ಕಳಿಗೆ ಹೆಣಿಗೆ ಬರುವುದಿಲ್ಲ ಎನ್ನುವ ಮಾತಿನಲ್ಲಿ ಹುರುಳಿಲ್ಲ.

ಕಿರಿಯರ ಜವಾಬ್ದಾರಿಯೂ ಕಡಿಮೆಯದಲ್ಲ. ‘ನನಗೊಂದು ಕೌದಿ ಹೊಲಿದು ಕೊಡು’ ಎಂದು ಕೇಳುವವರು ಬಹಳ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ, ‘ಅಜ್ಜಿ, ನನಗೂ ಕಲಿಸು’ ಎಂದು ಕೇಳಿ. ಬೀರುವಿನಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಹತ್ತಿ ಬಟ್ಟೆಗಳನ್ನು ಒಗೆದು ಜೊತೆಗೆ ಒಯ್ಯಿರಿ. ಸೂಜಿಗೆ ದಾರ ಪೋಣಿಸುವುದು ಅವಳ ಕಣ್ಣಿಗೆ ಕಷ್ಟವಾಗುತ್ತಿದ್ದರೆ, ಅಲ್ಲಿಂದಲೇ ನಿಮ್ಮ ಕೆಲಸ ಶುರು ಮಾಡಿ.