ಸುನೀತ ಎದ್ದುಹೋದ ಮೇಲೆ



ಕಳೆದ ಭಾನುವಾರದ ಓದಿನಲ್ಲಿ ಸುನೀತನ ಪ್ರಸಂಗ ಬಂತು. ಅಷ್ಟು ಹೊತ್ತೂ ನಾನು ಬಾಯಿ ಬಿಡಲಿಲ್ಲ. ಯಾಕೆ ಮೇಡಂ ಸುಮ್ಮನಿದ್ದಿರಿ ಎಂದು ಆಮೇಲೆ ಇಬ್ಬರು ಕೇಳಿದರು. ಕಾರಣ ಸ್ವಲ್ಪ ನಾಚಿಕೆಯದು. ಎದುರಿಗೆ ಹೇಳಲಾಗದ್ದನ್ನು ಇಂದಿನ ಚಿಂತನೆಯಲ್ಲಿ ಬರೆಯುತ್ತಿದ್ದೇನೆ.

ಬೇಸಿಗೆ ರಜೆಯಲ್ಲಿ ಅವ್ವನನ್ನು ಕರೆದುಕೊಂಡು ಅಮೆರಿಕದಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅವನು ನಮಗಾಗಿ ಮೂರು ದಿನಕ್ಕೆ ಒಂದು ಆರ್‌ವಿ ಬಾಡಿಗೆಗೆ ತಂದಿದ್ದ. ನಮ್ಮ ಕಡೆಯ ಮಿನಿಬಸ್ಸಿನಷ್ಟು ದೊಡ್ಡ ಗಾಡಿ. ಒಳಗೇ ಮಂಚ, ಗ್ಯಾಸ್ ಒಲೆ, ಫ್ರಿಜ್, ಒಬ್ಬರು ತಿರುಗಲೂ ಜಾಗವಿಲ್ಲದ ಒಂದು ಕಕ್ಕಸು. ಅವ್ವ ಎಲ್ಲ ಬಾಗಿಲೂ ತೆಗೆದು ನೋಡಿ, "ಒಂದು ಒರಳುಕಲ್ಲಿದ್ರೆ ಸಂಸಾರಾನೇ ಮಾಡಬೋದು" ಅಂದಳು.

ಬೆಳಿಗ್ಗೆ ಮೊದಲು ಹೋಗಿದ್ದು ಮೇರಿಲ್ಯಾಂಡಿನ ಆಕೊಕೀಕ್ ಎಂಬ ಊರಿಗೆ. 2023ರ ಅಕ್ಟೋಬರ್ 14ರಂದು ಅನಾವರಣಗೊಂಡ ಬಾಬಾಸಾಹೇಬರ 19 ಅಡಿಯ ಪ್ರತಿಮೆ ಅಲ್ಲಿದೆ. ಅವ್ವ ಚಪ್ಪಲಿ ಬಿಟ್ಟು ಬಹಳ ಹೊತ್ತು ನಿಂತಿದ್ದಳು. ಅಲ್ಲಿಂದ ವರ್ಜೀನಿಯಾದ ಶೆನಂಡೋವಾ ಬೆಟ್ಟಗಳ ಕಡೆಗೆ ಹೊರಟೆವು. ಉದ್ಯಾನದೊಳಗಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಗಾಡಿಗೆ ಕರೆಂಟು, ನಲ್ಲಿ, ಚರಂಡಿಯ ಜೋಡಣೆ ಇರುವುದಿಲ್ಲ. ವಯಸ್ಸಾದ ಅವ್ವನಿಗೆ ಕಷ್ಟವಾಗುತ್ತದೆಂದು ತಮ್ಮ ಕೆಳಗಿನ ಕಣಿವೆಯಲ್ಲಿ ಒಂದು ಖಾಸಗಿ ಕ್ಯಾಂಪ್‌ಗ್ರೌಂಡ್ ಬುಕ್ ಮಾಡಿದ್ದ. ಫೋಟೋದಲ್ಲಿ ಮರಗಳಿದ್ದವು, ತೊರೆಯಿತ್ತು, ತೊರೆಯ ಪಕ್ಕ ಬೆಂಚೂ ಇತ್ತು.

ಹೋಗಿ ನೋಡಿದರೆ ಜಲ್ಲಿ ಸುರಿದ ಬಯಲು. ಗಾಡಿಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿದ್ದರು. ಬೇಲಿಯಾಚೆ ಹೆದ್ದಾರಿ, ಲಾರಿಗಳ ಸದ್ದು. ತೊರೆ ಎಲ್ಲಿ ಎಂದು ಹುಡುಕಿದೆವು. ಒಂದು ಕಾಲುವೆ ಇತ್ತು, ಒಣಗಿತ್ತು. ಸ್ನಾನದ ಮನೆಯ ನೆಲದ ಮೇಲೆ ನೀರು ನಿಂತಿತ್ತು. ನಮ್ಮ ಜಾಗದ ಚರಂಡಿಯ ಬಾಯಿ ಕಟ್ಟಿಕೊಂಡಿತ್ತು, ಕಚೇರಿ ಮುಚ್ಚಿತ್ತು. ಗೇಟಿನ ಹತ್ತಿರದ ಸಾಮೂಹಿಕ ಗುಂಡಿಯನ್ನು ಬಳಸಿ ಎಂದು ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಗಾಡಿಯಲ್ಲಿ ಬ್ಲ್ಯಾಕ್ ಟ್ಯಾಂಕ್ ಅಂತ ಒಂದಿರುತ್ತದೆ, ಕಕ್ಕಸಿನದೆಲ್ಲ ಅದರಲ್ಲಿ ತುಂಬುತ್ತದೆ. ಅದು ತುಂಬಿದೆ ಎಂದು ಆಗಲೇ ಕೆಂಪು ದೀಪ ಉರಿಯುತ್ತಿತ್ತು.

ಎಂಟು ಗಂಟೆಯಾದರೂ ಬೆಳಕಿತ್ತು. ಗೇಟಿನ ಬಳಿ ನಾಲ್ಕು ಗಾಡಿಗಳ ಸಾಲು. ಮುಂದೆ ಒಬ್ಬ ಬಿಳಿ ಕೂದಲಿನ ಮುದುಕರು. ಅವರು ಕೈಗೆ ಗ್ಲೌಸ್ ಹಾಕಿಕೊಂಡು ದಪ್ಪ ಕೊಳವೆಯ ಒಂದು ತುದಿಯನ್ನು ಗಾಡಿಗೆ, ಇನ್ನೊಂದನ್ನು ಗುಂಡಿಗೆ ಸಿಕ್ಕಿಸಿದರು. ಹೆಂಡತಿ ಕೊಳವೆಯನ್ನು ಕಾಲಿನಿಂದ ಅದುಮಿ ಹಿಡಿದಿದ್ದರು. ಮೊದಲು ಕಕ್ಕಸಿನ ಟ್ಯಾಂಕು, ಆಮೇಲೆ ಸ್ನಾನದ ನೀರಿನದು. ಆ ನೀರೇ ಕೊಳವೆಯನ್ನು ತೊಳೆದುಬಿಡುತ್ತದೆ. ವಾಸನೆ ಮೂಗಿಗೆ ಹೊಡೆಯಿತು. ನನಗೆ ಹೊಟ್ಟೆ ತೊಳಸಿ ಬಂತು. ಸೆರಗು ಮೂಗಿಗೆ ಹಿಡಿದುಕೊಂಡು ತಮ್ಮನಿಗೆ ಅಂದೆ: "ಇಷ್ಟೊಂದು ದುಡ್ಡು ತಗೊಂಡಿದ್ದಾರೆ. ಇನ್ನಷ್ಟು ಕೊಡೋಣ, ಇದನ್ನ ಮಾಡೋಕೆ ಯಾರಾದ್ರೂ ಇಲ್ವೇನೋ?"

ತಮ್ಮ ನಕ್ಕ. "ಇಲ್ಲಕ್ಕ. ಅವರವರದ್ದು ಅವರೇ."

ಹಿಂದಿನಿಂದ ಅವ್ವ ಕೇಳಿದಳು: "ಯಾರಾದ್ರೂ ಅಂದ್ರೆ ಯಾರು ಮಗ?"

ಅವ್ವನ ಅಪ್ಪ, ಅಂದರೆ ನನ್ನ ತಾತ, ಪುರಸಭೆಯ ಜಾಡಮಾಲಿ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರುವ ಪದ್ಧತಿಗೆ ತಡೆ ಹಾಕುವವರೆಗೂ ಅವರು ಬುಟ್ಟಿ ಹೊತ್ತವರು. ಮಳೆಗಾಲದಲ್ಲಿ ಅದು ಹೆಗಲ ಮೇಲೆ ಸೋರುತ್ತಿತ್ತಂತೆ. ಕೆಲಸ ಮುಗಿಸಿ ಬಂದರೆ ಮೂರು ಸಲ ಮೈತೊಳೆಯದೆ ಮಕ್ಕಳನ್ನು ಮುಟ್ಟುತ್ತಿರಲಿಲ್ಲವಂತೆ. ನನ್ನ ಸಹೋದ್ಯೋಗಿಗಳು ಕೇಳಿದರೆ "ತಾತ ಮುನಿಸಿಪಾಲ್ಟಿಯಲ್ಲಿದ್ದರು" ಎಂದಷ್ಟೇ ಹೇಳಿ ಮುಗಿಸುತ್ತೇನೆ. ಅಂಥವರ ಮೊಮ್ಮಗಳು, ಬೆಳಿಗ್ಗೆ ಬಾಬಾಸಾಹೇಬರ ಪಾದದ ಬಳಿ ಫೋಟೋ ತೆಗೆಸಿಕೊಂಡವಳು, ಸಂಜೆ "ಯಾರಾದ್ರೂ ಇಲ್ವೇನೋ" ಎಂದು ಕೇಳಿದ್ದೆ.

ತೃಷ್ಣೆ ಎಂದರೆ ಒಡವೆ, ಸೈಟು, ರುಚಿಯ ಊಟ ಎಂದು ತಿಳಿದಿದ್ದೆ. ಆ ರಾತ್ರಿ ಲಾರಿಗಳ ಸದ್ದಿನಲ್ಲಿ ನಿದ್ದೆ ಬಾರದೆ ಮಲಗಿದ್ದಾಗ ಬೇರೆಯದೇ ಹೊಳೆಯಿತು. ಹಾಸಿಗೆ ಗಟ್ಟಿಯಾಗಿದ್ದಕ್ಕೋ ತೊರೆ ಇಲ್ಲದ್ದಕ್ಕೋ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ನನ್ನ ಹೇಲನ್ನು ಎತ್ತಲು ಇನ್ನೊಂದು ಕೈ ಸಿಗಲಿಲ್ಲ ಎಂಬುದೇ ಆ ದಿನದ ದೊಡ್ಡ ನಿರಾಸೆಯಾಗಿತ್ತು.

(ದುಡ್ಡಿನ ವಿಚಾರಕ್ಕೆ ತಮ್ಮ ದೂರು ಬರೆದ, ಅರ್ಧ ಹಣ ವಾಪಸ್ ಬಂತು. ಅದು ಸರಿಯೇ. ಕೊಟ್ಟ ಮಾತಿನಂತೆ ಕೊಡದಿದ್ದರೆ ಕೇಳಬೇಕು. ಸಂತುಷ್ಟಿಯ ಹೆಸರಿನಲ್ಲಿ ಸುಮ್ಮನಿರಿ ಎಂದು ನಮಗೆ ತುಂಬ ಜನ ಹೇಳಿದ್ದಾರೆ.)

ಈಗ ಸುನೀತನಿಗೆ ಬರುತ್ತೇನೆ. 'ಬುದ್ಧ ಮತ್ತು ಅವರ ಧಮ್ಮ'ದಲ್ಲಿ ಬರುವಂತೆ ಅವನು ರಾಜಗೃಹದ ಜಾಡಮಾಲಿ. ಭಗವಾನರು ಬರುವುದನ್ನು ಕಂಡು ಗೋಡೆಗೆ ಒತ್ತಿಕೊಂಡು ನಿಂತವನು. ಭಗವಾನರು ಅವನ ಕೆಲಸವನ್ನು ಹೊಗಳಲಿಲ್ಲ, ಪವಿತ್ರ ಎನ್ನಲಿಲ್ಲ. ಅದನ್ನು ಬಿಟ್ಟು ಸಂಘಕ್ಕೆ ಬರುತ್ತೀಯಾ ಎಂದು ಕೇಳಿದರು. ಜಾಡಮಾಲಿ ಕೆಲಸವನ್ನು ಸೇವೆಯೆಂದು ಹಾಡಿ ಹೊಗಳಿದ ಗಾಂಧೀಜಿಯವರ ಮೇಲೆ ಬಾಬಾಸಾಹೇಬರಿಗೆ ಅಷ್ಟು ಕೋಪ ಬಂದದ್ದೂ ಇದಕ್ಕೇ. ಇಲ್ಲಿ ಮನುಷ್ಯ ಜಾಡಮಾಲಿಯಾಗುವುದು ಕೆಲಸದಿಂದಲ್ಲ, ಹುಟ್ಟಿನಿಂದ ಎಂದು 1945ರ ಪುಸ್ತಕದಲ್ಲಿ ಅವರು ಕಡ್ಡಿ ಮುರಿದಂತೆ ಬರೆದರು. ಸುನೀತ ಎದ್ದು ಹೋದ. ಸರಿ. ಮಾರನೆಯ ದಿನ ರಾಜಗೃಹದ ಬೀದಿಯನ್ನು ಗುಡಿಸಿದವರು ಯಾರು? ಕತೆ ಹೇಳುವುದಿಲ್ಲ. ಇನ್ನೊಬ್ಬ ಸುನೀತನನ್ನೇ ತಂದು ನಿಲ್ಲಿಸಿರುತ್ತಾರೆ ಎಂದು ನನ್ನ ಅನುಮಾನ. ನಮ್ಮಲ್ಲಿ 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ಆದರೂ ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರಲ್ಲಿ 30 ಲಕ್ಷಕ್ಕೆ ಏರಿಸಬೇಕಾಯಿತು.

ಆ ಗೇಟಿನ ಸಾಲು ನನಗೆ ಒಂದು ಉತ್ತರದಂತೆ ಕಂಡಿತು. ಹಾಗೆಂದು ಅಮೆರಿಕದವರೆಲ್ಲ ದೊಡ್ಡವರು ಎನ್ನಲಾರೆ. ಅದೇ ಬೆಟ್ಟದ ಮೇಲೆ ಲೂಯಿಸ್ ಮೌಂಟನ್ ಎಂಬ ಕ್ಯಾಂಪ್‌ಗ್ರೌಂಡ್ ಇದೆ. 1939ರಲ್ಲಿ ತೆರೆದಾಗ ಅದು ಕಪ್ಪುಜನರಿಗೆಂದೇ ಬೇರೆ ಮಾಡಿದ್ದ ಜಾಗ, ಹಾಗೆಂದು ಬೋರ್ಡೂ ಇತ್ತು. ಆ ಭೇದ ಪೂರ್ತಿ ಹೋಗಲು 1950ರವರೆಗೆ ಕಾಯಬೇಕಾಯಿತು. ಇನ್ನು ನಮ್ಮ ಕ್ಯಾಂಪ್‌ಗ್ರೌಂಡಿನ ಸ್ನಾನದ ಮನೆಯನ್ನು ಬೆಳಿಗ್ಗೆ ಬಂದು ತೊಳೆದವಳು ಒಬ್ಬ ಹೆಂಗಸೇ. ಯಾವ ದೇಶದಿಂದ ಬಂದವಳೋ, ನಮ್ಮನ್ನು ತಲೆಯೆತ್ತಿ ನೋಡಲಿಲ್ಲ.

ಮೂರನೆಯ ದಿನ ಗಾಡಿ ವಾಪಸ್ ಕೊಡುವ ಮೊದಲು ಗ್ಲೌಸ್ ನಾನೇ ಹಾಕಿಕೊಂಡೆ. ಹತ್ತು ನಿಮಿಷದ ಕೆಲಸ. ಅವ್ವ ಕಿಟಕಿಯಿಂದ ನೋಡುತ್ತಿದ್ದಳು, ಏನೂ ಅನ್ನಲಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ಶುರುವಾಯಿತು. ನಮ್ಮ ಶಿಕ್ಷಕರ ಶೌಚಾಲಯ ತೊಳೆಯಲು ವಾರಕ್ಕೆರಡು ಸಲ ಒಬ್ಬರು ಬರುತ್ತಾರೆ. ಯಾವ ಕೇರಿಯವರು ಎಂದು ನಾನು ಕೇಳಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. "ನಮ್ಮದನ್ನು ನಾವೇ ಸರದಿಯ ಮೇಲೆ ತೊಳೆಯೋಣ" ಎಂದು ಸ್ಟಾಫ್ ಮೀಟಿಂಗಿನಲ್ಲಿ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎರಡು ಯೋಚನೆ ಬಂದವು. ಆಕೆಯ ಸಂಬಳ ಹೋಗುತ್ತದಲ್ಲ ಎಂಬುದು ಒಂದು. ಇನ್ನೊಂದು, ಮೊದಲ ಸರದಿ ಯಾರದು ಎಂಬ ಪ್ರಶ್ನೆ ಬಂದರೆ ಹನ್ನೊಂದು ಜನರೂ ನನ್ನ ಕಡೆಗೇ ನೋಡುತ್ತಾರೆ.

ತೆರೆದ ಬಾಯಿ ಮುಚ್ಚಿದೆ. ಸುನೀತನ ಪಾಠದ ದಿನ ಸುಮ್ಮನಿದ್ದದ್ದು ಅದಕ್ಕೇ. ಮುಂದಿನ ಮೀಟಿಂಗ್ ತಿಂಗಳ ಕೊನೆಯ ಶನಿವಾರ ಇದೆ. ಅದಕ್ಕೆ ಮೊದಲು, ಈ ಭಾನುವಾರ, ನೀವೆಲ್ಲ ಏನು ಹೇಳುತ್ತೀರೋ ಕೇಳಬೇಕಾಗಿದೆ.