ಸ್ವಂತ ಹೊಲಿಗೆ: ಸಂತೋಷವೋ, ಸಂಗ್ರಹವೋ?

ಗೃಹಸ್ಥನ ಬಳಕೆಯ ವಸ್ತುಗಳನ್ನು ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಎರಡಾಗಿ ವಿಂಗಡಿಸುತ್ತದೆ. ಒಮ್ಮೆ ಬಳಸಿದರೆ ಮುಗಿದುಹೋಗುವ ಅನ್ನ ಮೊದಲಾದವು ಭೋಗ. ಮತ್ತೆ ಮತ್ತೆ ಬಳಸಬಹುದಾದ ವಸ್ತ್ರ ಮೊದಲಾದವು ಉಪಭೋಗ. ಇವೆರಡಕ್ಕೂ ಮಿತಿ ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಅನ್ನದ ಮಿತಿಯನ್ನು ಹೊಟ್ಟೆಯೇ ಹೇಳುತ್ತದೆ. ಬಟ್ಟೆಯ ಮಿತಿಯನ್ನು ಹೇಳುವವರು ಯಾರು? ಒಂದು ಕಪಾಟು ತುಂಬಿದರೆ ಇನ್ನೊಂದು ಕಪಾಟು ಬರುತ್ತದೆ. ಮನೆಯಲ್ಲಿಯೇ, ತನ್ನ ಕೈಯಿಂದಲೇ ಬಟ್ಟೆ ಹೊಲಿದುಕೊಳ್ಳುವ ಹಳೆಯ ಅಭ್ಯಾಸದಲ್ಲಿ ಈ ಪ್ರಶ್ನೆಗೆ ಉತ್ತರವಿದೆಯೇ ಎಂಬುದು ವಿಚಾರಾರ್ಹ.

ದಾವಣಗೆರೆಗೆ ಬಟ್ಟೆಯ ಮಾತು ಹೊಸದಲ್ಲ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಊರಿದು. ಆ ಗಿರಣಿಗಳಲ್ಲಿ ಬಹುಪಾಲು ಮುಚ್ಚಿಹೋದವು. ಊರು ವಿದ್ಯಾಕೇಂದ್ರವೆಂದು ಹೆಸರಾಯಿತು. ನೆರೆಯ ಹರಿಹರದಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಕುಮಾರಪಟ್ಟಣಂನಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನಾರು ತಯಾರಾಗುತ್ತದೆ. ನೂಲಿನ ಹುಟ್ಟನ್ನು ಇಷ್ಟು ಹತ್ತಿರದಿಂದ ಕಂಡ ಸೀಮೆಯಲ್ಲಿಯೂ ಉಡುಪು ಇಂದು ಎಲ್ಲಿಂದಲೋ ಸಿದ್ಧವಾಗಿ ಬರುತ್ತದೆ. ದೇವರಾಜ ಅರಸು ಬಡಾವಣೆಯಂಥ ವಸತಿ ಪ್ರದೇಶದ ಮನೆಯಲ್ಲಿ ಹೊಲಿಗೆ ಯಂತ್ರವೊಂದು ಉಳಿದಿದ್ದರೂ ಅದು ಮಡಿಚಿದ ಬಟ್ಟೆ ಪೇರಿಸುವ ಮೇಜಾಗಿರುವ ಸಂಭವವೇ ಹೆಚ್ಚು.

ಹೊಲಿಗೆಯನ್ನೇ ಕಾಣದೆ ಸಂಚರಿಸುವ ಬಟ್ಟೆಯೂ ಉಂಟು. ಉಡಿ ತುಂಬುವಾಗ, ಅರಿಶಿನ ಕುಂಕುಮಕ್ಕೆ ಕರೆದಾಗ ಕೊಡುವ ರವಿಕೆ ಖಣವು ಮಡಿಕೆ ಬಿಚ್ಚದೆಯೇ ಮನೆಯಿಂದ ಮನೆಗೆ ಹೋಗುತ್ತದೆ. ಕೆಲವೊಮ್ಮೆ ಕೊಟ್ಟವರ ಮನೆಗೇ ಹಿಂದಿರುಗುತ್ತದೆ. ಗುಳೇದಗುಡ್ಡದ ನೇಕಾರರು ಖಣ ನೇಯ್ದದ್ದು ಅದನ್ನು ಯಾರಾದರೂ ತೊಡಲೆಂದು. ಕಪಾಟಿನಲ್ಲಿ ಎಣಿಕೆಗೆ ಸಿಗಲೆಂದಲ್ಲ. ಅಂಥದೊಂದು ಖಣವನ್ನು ಬಿಡಿಸಿ, ಅಳತೆ ಹಿಡಿದು, ಕತ್ತರಿ ಇಡುವ ಕ್ಷಣದಲ್ಲಿ ಸಂಗ್ರಹವು ಉಪಯೋಗವಾಗಿ ಮಾರ್ಪಡುತ್ತದೆ.

ಆ ಕೆಲಸದ ಸಂತೋಷ ಯಾವುದು? ಮೊದಲನೆಯದಾಗಿ ಅದು ಗಮನದ ಸಂತೋಷ. ಕತ್ತರಿ ಹಾಕಿದ ಬಟ್ಟೆ ಮತ್ತೆ ಕೂಡುವುದಿಲ್ಲವಾದ್ದರಿಂದ ಎರಡು ಸಲ ಅಳೆಯಬೇಕು, ಸೀಮೆಸುಣ್ಣದಿಂದ ಗುರುತು ಹಾಕಬೇಕು, ನೇಯ್ಗೆಯ ಎಳೆ ನೇರವಾಗಿದೆಯೇ ಎಂದು ನೋಡಬೇಕು. ತೋಳು ಕೂಡಿಸುವಾಗ ಮನಸ್ಸು ಬೇರೆಡೆ ಹರಿದರೆ ಸುಕ್ಕು ಬೀಳುತ್ತದೆ. ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ. ಎರಡನೆಯದು ಮುಂದಾಲೋಚನೆಯ ಸಂತೋಷ. ಮಗಳಿಗೆ ಲಂಗ ಹೊಲಿಯುವ ತಾಯಿ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಿಚಿಡುತ್ತಾಳೆ. ಮುಂದಿನ ವರ್ಷ ಮಗು ಬೆಳೆದಾಗ ಆ ಮಡಿಕೆ ಬಿಚ್ಚಿದರೆ ಸಾಕು, ಹೊಸ ಲಂಗದ ಅಗತ್ಯವಿಲ್ಲ. ಸಿದ್ಧ ಉಡುಪಿನಲ್ಲಿ ಇಂಥ ಮಡಿಕೆ ಅಪರೂಪ. ಬಟ್ಟೆ ಉಳಿಸಿದಷ್ಟೂ ತಯಾರಕನಿಗೆ ಲಾಭ. ಮೂರನೆಯದು ತುಂಡನ್ನೂ ಕಳೆಯದ ಸಂತೋಷ. ಹಳೆಯ ಸೀರೆಗಳನ್ನು, ಉಳಿಕೆ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ ಇದಕ್ಕೆ ಸಾಕ್ಷಿ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳನ್ನು ಇಂದು ದೂರದ ಕಲಾಸಕ್ತರೂ ಮೆಚ್ಚುತ್ತಾರೆ.

ಹಣದ ಲೆಕ್ಕದಲ್ಲಿ ಈ ಹೊಲಿಗೆ ಸದಾ ಲಾಭವೆಂದು ಹೇಳುವುದು ಸತ್ಯವಾಗದು. ಬಟ್ಟೆ, ದಾರ, ಗುಂಡಿಗಳ ಬೆಲೆಗೆ ದಿನವಿಡೀ ಕುಳಿತ ಶ್ರಮವನ್ನು ಸೇರಿಸಿದರೆ ಅಂಗಡಿಯ ಅಂಗಿಯೇ ಅಗ್ಗವಾದೀತು. ಆದರೆ ಅದು ಅಗ್ಗವಾದದ್ದು ಹೇಗೆ? ಬಾಂಗ್ಲಾದೇಶದ ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡವು 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಬಹುತೇಕರು ಸಿದ್ಧ ಉಡುಪು ಹೊಲಿಯುವ ಕಾರ್ಮಿಕರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಅವರನ್ನು ಕೆಲಸಕ್ಕೆ ಕರೆಯಲಾಗಿತ್ತು. ಕರ್ಮವನ್ನು ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಾಗಿ ಎಣಿಸುವ ಪರಂಪರೆಗೆ ಈ ಘಟನೆ ಸುಲಭವಾಗಿ ದೂರ ತಳ್ಳುವಂಥದಲ್ಲ. ಕೊಳ್ಳುವವನು ಕೃತನಲ್ಲ ನಿಜ. ಆದರೆ ಬೆಲೆಯ ಹಿಂದಿರುವುದನ್ನು ಕೇಳದೆ ಅಗ್ಗವನ್ನಷ್ಟೇ ಮೆಚ್ಚುವುದು ಅನುಮೋದನೆಗೆ ಎಷ್ಟು ದೂರ?

ಸ್ವತಃ ಒಂದು ಅಂಗಿ ಹೊಲಿದವರಿಗೆ ಈ ಪ್ರಶ್ನೆ ಬೇಗ ಹೊಳೆಯುತ್ತದೆ. ಕೊರಳುಪಟ್ಟಿ ಕೂರಿಸಲು, ಕಾಜ ಮಾಡಲು ಎಷ್ಟು ಹೊತ್ತು ಹಿಡಿಯಿತೆಂದು ಬೆರಳಿಗೇ ಗೊತ್ತಿರುತ್ತದೆ. ಆ ಬೆರಳು ಕಾಲಕಾಲಕ್ಕೆ ಹತ್ತು ಅಂಗಿ ಬೇಕೆಂದು ಕೇಳುವುದಿಲ್ಲ. ಹರಿದದ್ದನ್ನು ಎಸೆಯುವ ಮುನ್ನ ಸೂಜಿ ಹುಡುಕುತ್ತದೆ. ಬಟ್ಟೆಯ ಮಿತಿಯನ್ನು ಹೇಳುವುದು ಈ ಶ್ರಮದ ಅರಿವೇ.

ಇಲ್ಲಿ ಮೂರು ಆಕ್ಷೇಪಗಳು ಏಳುತ್ತವೆ. ‘ಇದು ನಾನೇ ಹೊಲಿದದ್ದು’ ಎಂಬ ಹಿಗ್ಗು ಮಮಕಾರವಲ್ಲವೇ ಎಂಬುದು ಮೊದಲನೆಯದು. ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಅಲ್ಲ, ಅದರ ಮೇಲಿನ ಮೋಹದಲ್ಲಿ ಗುರುತಿಸಿದ್ದಾರೆ. ಅಪಾಯ ಇದೆಯೆಂದೇ ಒಪ್ಪಬೇಕು. ಪರೀಕ್ಷೆ ಸರಳ: ಹೊಲಿದದ್ದನ್ನು ಅಗತ್ಯವಿದ್ದವರಿಗೆ ಕೊಡುವಾಗ ಕೈ ಹಿಂಜರಿಯುತ್ತದೆಯೇ? ಹಿಂಜರಿಯದಿದ್ದರೆ ಆ ಹಿಗ್ಗು ಕೆಲಸದ್ದು, ಹಿಂಜರಿದರೆ ವಸ್ತುವಿನದು. ಹೊಲಿಯುವ ನೆಪದಲ್ಲಿ ಬಗೆಬಗೆಯ ಬಟ್ಟೆ ಕೊಂಡು ಪೇರಿಸುವುದೂ ಸಂಗ್ರಹವೇ.

ಎಲ್ಲರೂ ಮನೆಯಲ್ಲೇ ಹೊಲಿದರೆ ದರ್ಜಿಯ ಗತಿಯೇನು ಎಂಬುದು ಎರಡನೆಯದು. ದರ್ಜಿಯ ಗಿರಾಕಿಯನ್ನು ಸೆಳೆದುಕೊಂಡದ್ದು ಬಹುಮಟ್ಟಿಗೆ ಸಿದ್ಧ ಉಡುಪು, ಮನೆಯ ಯಂತ್ರವಲ್ಲ. ಹೊಲಿಗೆ ಬಲ್ಲವರಿಗೆ ದರ್ಜಿಯ ಕೈಚಳಕದ ಬೆಲೆ ತಿಳಿದಿರುತ್ತದೆ. ಮದುವೆಯ ರವಿಕೆಯನ್ನು ಅವನಲ್ಲಿಗೇ ಒಯ್ಯುತ್ತಾರೆ, ಮಜೂರಿಯಲ್ಲಿ ಚೌಕಾಸಿ ಮಾಡುವುದಿಲ್ಲ.

ಮೂರನೆಯದು ಹೆಚ್ಚು ಗಂಭೀರ. ಮನೆಯ ಹೊಲಿಗೆ ಎಂದರೆ ಹೆಣ್ಣುಮಕ್ಕಳ ಹೆಗಲಿಗೆ ಇನ್ನೊಂದು ಹೊರೆಯಲ್ಲವೇ? ಪೇಟೆಯಲ್ಲಿ ಕೂಲಿ ಪಡೆದು ಹೊಲಿಯುವಾಗ ಗಂಡಸಿನ ವೃತ್ತಿಯೆನಿಸುವ ಕೆಲಸ, ಮನೆಯಲ್ಲಿ ಕೂಲಿಯಿಲ್ಲದೆ ಮಾಡುವಾಗ ಹೆಣ್ಣಿನ ಕರ್ತವ್ಯವಾಗುವುದು ನ್ಯಾಯವಲ್ಲ. ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದ 1924ರಲ್ಲಿಯೇ ಗಾಂಧೀಜಿ ಯಂತ್ರಗಳ ವಿಚಾರ ಮಾತನಾಡುತ್ತ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಹೆಂಡತಿಯ ದಣಿವು ಕಂಡು ಮರುಗಿದ ಪ್ರೀತಿಯಿಂದ ಅದು ಹುಟ್ಟಿತೆಂಬುದು ಅವರ ಕಾರಣ. ಆ ಪ್ರೀತಿ ಮನೆಯಲ್ಲಿದ್ದರೆ ಮಗನೂ ಗುಂಡಿ ಹಚ್ಚಲು ಕಲಿಯುತ್ತಾನೆ, ತಂದೆಯೂ ಪೆಡಲು ತುಳಿಯುತ್ತಾನೆ. ಬಲವಂತದ ಹೊಲಿಗೆಯಲ್ಲಿ ಸಂತೋಷವಿಲ್ಲ.

ಬಡಾವಣೆಗೆ ಹೆಸರಾದ ದೇವರಾಜ ಅರಸರ ಆಡಳಿತದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯು ಉಳುವವನೇ ಹೊಲದೊಡೆಯನೆಂದು ಸಾರಿತು. ದುಡಿಮೆಗೂ ಒಡೆತನಕ್ಕೂ ಸಂಬಂಧ ಕಡಿಯಬಾರದೆಂಬ ಆ ವಿವೇಕ ಉಡುವ ಬಟ್ಟೆಗೂ ಸಲ್ಲುತ್ತದೆ.

ಬಸದಿಗಳ ಟ್ರಸ್ಟುಗಳು ಸಭಾಭವನದ ಒಂದು ಮೂಲೆಯಲ್ಲಿ ಎರಡು ಹೊಲಿಗೆ ಯಂತ್ರಗಳನ್ನಿಟ್ಟು, ಊರಿನ ಅನುಭವಿ ದರ್ಜಿಗೆ ಗೌರವಧನ ಕೊಟ್ಟು, ಬಾಲಕ ಬಾಲಕಿಯರಿಬ್ಬರಿಗೂ ರಜೆಯಲ್ಲಿ ಕಲಿಸಬಹುದು. ಮನೆಗಳಲ್ಲಿ ದಶಲಕ್ಷಣ ಪರ್ವದ ಉತ್ತಮ ತ್ಯಾಗದ ದಿನ ಕಪಾಟು ತೆರೆದು ಮಡಿಕೆ ಬಿಚ್ಚದ ಖಣಗಳನ್ನು ಎಣಿಸಬಹುದು. ಅವುಗಳಲ್ಲಿ ಒಂದನ್ನು ಹೊಲಿದು ತೊಟ್ಟು, ಉಳಿದವನ್ನು ಹೊಲಿದು ಕೊಟ್ಟರೆ ಉಪಭೋಗ ಪರಿಮಾಣದ ಮೊದಲ ಪಾಠ ಮುಗಿದಂತಾಗುತ್ತದೆ.